ದಂಡನೆಗೆ ಮುನ್ನ

ಸರ್ವಜ್ಞನಾದ ಭಗವಂತನೂ ಅಪರಾಧಿಯನ್ನು ದಂಡಿಸುವ ಮುನ್ನ ಅವನ ಮಾತನ್ನು ಕೇಳಬೇಕೆ? ಕೇಂಬ್ರಿಜ್ ವಿಶ್ವವಿದ್ಯಾನಿಲಯವು ವಿದ್ವಾಂಸ ರಿಚರ್ಡ್ ಬೆಂಟ್ಲಿಯ ಅಹವಾಲನ್ನೇ ಆಲಿಸದೆ ಅವನ ಪದವಿಗಳನ್ನು ಕಿತ್ತುಕೊಂಡ ವ್ಯಾಜ್ಯವು 1723ರಲ್ಲಿ ವಿಚಾರಣೆಗೆ ಬಂದಾಗ, ನ್ಯಾಯಾಧೀಶ ಫೋರ್ಟೆಸ್ಕ್ಯೂ ಏದೆನ್ ತೋಟದ ಕಥೆಯನ್ನು ನೆನೆದು, ಆದಾಮನನ್ನು ಕೂಡ ದೇವರು ಕರೆದು, ಹಣ್ಣನ್ನು ತಿಂದೆಯಾ ಎಂದು ಕೇಳಿದ ಬಳಿಕವೇ ಶಿಕ್ಷಿಸಿದನೆಂದು ಜ್ಞಾಪಿಸಿದನು. ಪದವಿಗಳು ಬೆಂಟ್ಲಿಗೆ ಮರಳಿದುವು.

ತಿಳಿಯದುದನ್ನು ತಿಳಿಯುವುದಕ್ಕಷ್ಟೇ ವಿಚಾರಣೆಯೆಂದಾದರೆ ದೇವರಿಗೆ ಅದು ಅನಾವಶ್ಯಕ. ಆದುದರಿಂದ ಆ ಪ್ರಶ್ನೆಯ ಸಾರ್ಥಕ್ಯವಿರುವುದು ಕೇಳುವವನ ಜ್ಞಾನವೃದ್ಧಿಯಲ್ಲಲ್ಲ, ಉತ್ತರ ಕೊಡಬೇಕಾದವನ ಮನುಷ್ಯತ್ವವನ್ನು ಮನ್ನಿಸುವುದರಲ್ಲಿ.

1960ರ ಫೆಬ್ರುವರಿಯಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ, ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯ ಉಪಾಹಾರಗೃಹಕ್ಕೆ ಹೋಗಿ, ಬಿಳಿಯರಂತೆ ತಮಗೂ ಬಡಿಸಿರೆಂದು ಕೇಳಿದ 29 ಮಂದಿ ಕಪ್ಪು ವಿದ್ಯಾರ್ಥಿಗಳಲ್ಲಿ 9 ಮಂದಿಯನ್ನು ಅಲಬಾಮ ರಾಜ್ಯದ ಶಿಕ್ಷಣ ಮಂಡಲಿಯು, ಆಪಾದನೆಯೇನೆಂಬುದನ್ನೂ ವಿಧ್ಯುಕ್ತವಾಗಿ ತಿಳಿಸದೆ, ಕಾಲೇಜಿನಿಂದ ಹೊರಹಾಕಿತು. ನೋಟೀಸು ಕೊಡದೆ, ವಿಚಾರಣೆ ನಡೆಸದೆ, ಸರಕಾರಿ ಕಾಲೇಜು ದುರ್ನಡತೆಗಾಗಿ ವಿದ್ಯಾರ್ಥಿಯನ್ನು ಹೀಗೆ ಬಹಿಷ್ಕರಿಸಲಾಗದೆಂದು 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು.

ನ್ಯಾಯಾಲಯವು ಗುರುಪೀಠದಲ್ಲಿ ಕುಳಿತು ಪಾಠ ಹೇಳಲಾರದು, ಹೇಳಲೂಬಾರದು. ದಂಡಧರನಾದ ಗುರುವು ತನ್ನನ್ನು ದೇವರಿಗಿಂತಲೂ ಸರ್ವಜ್ಞನೆಂದು ಭಾವಿಸದಂತೆ ತಡೆಯುವುದಷ್ಟೇ ಅದರ ಧರ್ಮ.