ಹೂಜಿ ನಿಮ್ಮ ಮುಂದೆ ನಿಲ್ಲದಿರಲಿ



ಕಾನಾ ಊರಿನ ಮದುವೆಯ ಕಥೆ ನಮಗೆಲ್ಲ ಬಾಯಿಪಾಠ. ಮಾತೆ ಮರಿಯಮ್ಮನವರ ಕಳಕಳಿ, ಆರು ಕಲ್ಲಿನ ಬಾನೆಗಳು, ದ್ರಾಕ್ಷಾರಸವಾದ ನೀರು, ಇವುಗಳ ಮೇಲೆ ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಆದರೆ ಆ ಮದುವೆ ಮನೆಯಲ್ಲಿ ಇನ್ನೊಬ್ಬನಿದ್ದ. ಅವನ ಕಡೆ ನಾವು ಅಷ್ಟಾಗಿ ನೋಡುವುದಿಲ್ಲ. ಅವನೇ ಔತಣದ ಮೇಲ್ವಿಚಾರಕ. ಆಳುಗಳು ತಂದುಕೊಟ್ಟ ರಸವನ್ನು ಅವನು ರುಚಿ ನೋಡಿದ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿಲ್ಲ. ನೀರು ತುಂಬಿದ ಆಳುಗಳಿಗೆ ಮಾತ್ರ ಗೊತ್ತು. ರುಚಿ ನೋಡಿದವನು ಸುಮ್ಮನೆ ಕುಡಿದು ಕೂಡಲಿಲ್ಲ. ಮದುಮಗನನ್ನು ಹತ್ತಿರ ಕರೆದ. ಒಳ್ಳೆಯದನ್ನು ಕೊನೆಯವರೆಗೂ ಉಳಿಸಿಟ್ಟಿದ್ದಕ್ಕೆ ಅಚ್ಚರಿಪಟ್ಟು ಹೇಳಿದ (ಯೊವಾನ್ನ 2:1-11).

ದೇವರು ನಾಲಗೆಗೆ ಎರಡು ಕೆಲಸ ಕೊಟ್ಟಿದ್ದಾರೆ. ಒಂದು ರುಚಿ ನೋಡುವುದು, ಇನ್ನೊಂದು ಮಾತನಾಡುವುದು. ಆ ಮೇಲ್ವಿಚಾರಕ ಎರಡನ್ನೂ ಮಾಡಿದ. ಒಳ್ಳೆಯ ರುಚಿ ನಾಲಗೆಯ ಮೇಲೆ ಬಿದ್ದರೆ ಅದು ಪಕ್ಕದವನನ್ನು ಕರೆಯುತ್ತದೆ.

ಈ ಮೇಲ್ವಿಚಾರಕನ ಕೆಲಸವನ್ನು ಇಂದಿಗೂ ಪ್ರೀತಿಯಿಂದ ಮಾಡುವ ಜನ ಲೋಕದಲ್ಲಿದ್ದಾರೆ. ಅವರು ಹಳೆಯ ಪೋರ್ಟ್ ವೈನಿನ ರಸಿಕರು. ನಮ್ಮ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯವರಿಗೆ ಪೋರ್ಟ್ ವೈನ್ ಎಂದರೆ ಗೋವಾದ ನೆಂಟರು ಕ್ರಿಸ್ಮಸ್ಸಿಗೆ ತರುವ ಸಿಹಿ ಕೆಂಪು ಬಾಟಲಿ ನೆನಪಾಗಬಹುದು. ಹೆಸರು ಒಂದೇ ಆದರೂ ಮೂಲ ಪೋರ್ಟ್ ಬೇರೆ. ಅದು ಪೋರ್ಚುಗಲ್ ದೇಶದ ದೋರು ನದಿಯ ಕಣಿವೆಯದು. ಕಲ್ಲುಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. 1756ರಲ್ಲೇ ಆ ಪ್ರದೇಶಕ್ಕೆ ಗಡಿ ಗುರುತಿಸಿ ಕಟ್ಟಳೆ ಮಾಡಿದ್ದರು.

ಪೋರ್ಟ್ ಮಾಡುವ ಬಗೆ ಹೀಗೆ. ದ್ರಾಕ್ಷಿಯ ರಸ ಹುಳಿಯೇಳುತ್ತ ಅದರೊಳಗಿನ ಸಕ್ಕರೆ ಮದ್ಯವಾಗುತ್ತ ಹೋಗುತ್ತದೆ. ಪೂರ್ತಿ ಆಗುವ ಮೊದಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಕಡುಮದ್ಯವನ್ನು ಅದಕ್ಕೆ ಸೇರಿಸುತ್ತಾರೆ. ರೂಢಿಯ ಲೆಕ್ಕದಲ್ಲಿ 435 ಲೀಟರ್ ರಸಕ್ಕೆ 115 ಲೀಟರ್ ಮದ್ಯ. ಆಗ ಹುಳಿಯೇಳುವುದು ನಿಲ್ಲುತ್ತದೆ, ಹಣ್ಣಿನ ಸಿಹಿ ಉಳಿಯುತ್ತದೆ, ವೈನ್ ದೀರ್ಘ ಕಾಲ ಬಾಳುವ ಶಕ್ತಿ ಪಡೆಯುತ್ತದೆ. ಮುಂದಿನದು ಕಾಯುವ ಕೆಲಸ. ಟೋನಿ ಎಂಬ ಬಗೆಯನ್ನು ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಮರದ ಸಂದಿನಿಂದ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತದೆ. ಕೆಂಪು ಬಣ್ಣ ಮಾಸಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹಳೆಯ ಪೀಪಾಯಿಯದನ್ನೂ ಎಳೆಯ ಪೀಪಾಯಿಯದನ್ನೂ ಹದವಾಗಿ ಬೆರೆಸುತ್ತಾರೆ. ಬಾಟಲಿಯ ಮೇಲೆ 10, 20, 30, 40 ವರ್ಷ ಎಂದು ಬರೆಯಬೇಕಾದರೆ ಆ ವಯಸ್ಸಿನ ಗುಣ ಬಂದಿದೆಯೆಂದು ರುಚಿ ನೋಡುವ ಮಂಡಳಿ ಒಪ್ಪಬೇಕು. ವಿಂಟೇಜ್ ಎಂಬುದು ಇನ್ನೊಂದು ಬಗೆ. ಒಂದೇ ವರ್ಷದ ಒಳ್ಳೆಯ ಬೆಳೆಯಿಂದ ಮಾಡಿ, ಎರಡು ಮೂರು ವರ್ಷದೊಳಗೆ ಬಾಟಲಿಗೆ ತುಂಬಿ, ಕತ್ತಲಲ್ಲಿ ಮಲಗಿಸಿಡುತ್ತಾರೆ. ಅದು ಪಕ್ವವಾಗಲು ಇಪ್ಪತ್ತು, ಮೂವತ್ತು ವರ್ಷ ಬೇಕು. 1963, 1994, 2011 ಹೆಸರಾಂತ ವರ್ಷಗಳು. 1963ರ ಬಾಟಲಿಯನ್ನು ತುಂಬಿದ ಕೈಗಳಲ್ಲಿ ಎಷ್ಟೋ ಇಂದು ಮಣ್ಣು ಸೇರಿವೆ.

ಇಂಥ ಬಾಟಲಿಯ ಸುತ್ತ ರಸಿಕರು ಕೂಡುವ ರೀತಿ ನೋಡಿರಿ. ಮೊದಲು ಗ್ಲಾಸನ್ನು ಬಿಳಿ ಬಟ್ಟೆಯ ಎದುರು ಹಿಡಿದು ಬಣ್ಣ ನೋಡುತ್ತಾರೆ. ಆಮೇಲೆ ಮೂಸುತ್ತಾರೆ. ಒಂದು ಚಿಕ್ಕ ಗುಟುಕು ಬಾಯಲ್ಲಿ ಹಿಡಿದು ತುಸು ಹೊತ್ತು ಸುಮ್ಮನಿರುತ್ತಾರೆ. ಅನಂತರ ಒಬ್ಬೊಬ್ಬರೇ ಹೇಳುತ್ತಾರೆ. ಒಬ್ಬನಿಗೆ ಒಣ ಅಂಜೂರ ಕಂಡಿತು, ಇನ್ನೊಬ್ಬನಿಗೆ ಹುರಿದ ಬಾದಾಮಿ, ಮೂರನೆಯವನಿಗೆ ಕಿತ್ತಳೆ ಸಿಪ್ಪೆ. ನಮ್ಮ ಕಡೆಯವರು ಕೂತಿದ್ದರೆ ಕುದಿಯುವ ಬೆಲ್ಲದ ಕೊಪ್ಪರಿಗೆ ಎನ್ನುತ್ತಿದ್ದರೋ ಏನೋ! ಯಾರ ಮಾತೂ ಸುಳ್ಳಲ್ಲ. ಇನ್ನೊಬ್ಬ ಹೇಳಿದ ಮೇಲೆ ನಮಗೂ ಅದು ಸಿಕ್ಕುತ್ತದೆ. ಒಂದು ನಾಲಗೆಗೆ ಹೊಳೆಯದ್ದನ್ನು ಇನ್ನೊಂದು ನಾಲಗೆ ತೋರಿಸಿಕೊಡುತ್ತದೆ.

ಇದು ನಮಗೆ ತೀರ ಹೊಸದೇನಲ್ಲ. ಸವಾಯಿ ಗಂಧರ್ವರು (1886-1952) ಬಾಳಿದ ಊರು ಕುಂದಗೋಳ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರು ಅಲ್ಲಿಯೇ ಆ ಗುರುವಿನಿಂದ ಕಲಿತರು. ಅವರ ನೆನಪಿನ ಸಂಗೀತೋತ್ಸವದಲ್ಲಿ ಕೂತು ಕೇಳುವ ರೈತನೊಬ್ಬ ಒಳ್ಳೆಯ ಜಾಗ ಬಂದಾಗ ಪಕ್ಕದವನ ತೊಡೆ ತಟ್ಟುತ್ತಾನೆ. ಅವನಿಗೆ ಒಬ್ಬನೇ ಕೇಳಿದರೆ ಸಾಲದು.

ಹಳೆಯ ವಿಂಟೇಜ್ ಪೋರ್ಟಿಗೆ ಇನ್ನೊಂದು ಗುಣವಿದೆ. ಬಿರಡೆ ತೆಗೆಯುವವರೆಗೆ ಮೂವತ್ತು ವರ್ಷ ಕಾಯುತ್ತದೆ. ತೆಗೆದ ಮೇಲೆ ಎರಡು ದಿನ ಕಾಯುವುದಿಲ್ಲ. ಗಾಳಿ ತಾಗಿ ರುಚಿ ಕೆಡುತ್ತದೆ. ಆದ್ದರಿಂದ ಅದನ್ನು ತೆರೆಯಬೇಕೆನ್ನುವವನು ಮೊದಲು ನಾಲ್ಕು ಜನರನ್ನು ಕರೆಯಬೇಕು. ನಮ್ಮ ಹಿರಿಯರ ಹಗೇವು ಇದ್ದದ್ದೂ ಹೀಗೆಯೇ. ಕರಿನೆಲದ ಊರುಗಳಲ್ಲಿ ನೆಲದೊಳಗೆ ಹಗೇವು ತೆಗೆದು, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿರುವಷ್ಟು ದಿನ ಕಾಳು ಬಾಳುತ್ತಿತ್ತು. ಬಾಯಿ ತೆರೆದರೆ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ನಿಂತು, ಆಮೇಲೆ ಇಳಿದು ಕಾಳು ಮೇಲಕ್ಕೆತ್ತಬೇಕು. ಅದು ಒಬ್ಬನಿಂದಾಗುವ ಕೆಲಸವಲ್ಲ. ಬರಗಾಲದಲ್ಲಿ ಹಗೇವು ತೆರೆದ ಮನೆಯ ಜೋಳ ಓಣಿಯ ಹೊಟ್ಟೆಗೂ ಆಗುತ್ತಿತ್ತು. ಕೂಡಿಡುವುದು ಜಾಣತನ, ನಿಜ. ಆದರೆ ಯಾವಾಗ, ಯಾರಿಗಾಗಿ ತೆರೆಯಬೇಕೆಂದು ತಿಳಿಯದಿದ್ದರೆ ಕೂಡಿಟ್ಟವನು ಶುಭಸಂದೇಶದ ಆ ಸಾಮ್ಯದ ಶ್ರೀಮಂತನಾಗುತ್ತಾನೆ: ದೊಡ್ಡ ಕಣಜ ಕಟ್ಟಿಸಲು ಯೋಚಿಸಿದ, ಅದೇ ರಾತ್ರಿ ತೀರಿಹೋದ (ಲೂಕ 12:16-21).

ಇಂಗ್ಲೆಂಡಿನಲ್ಲಿ ಪೋರ್ಟ್ ಕುಡಿಯುವವರ ಪಂಕ್ತಿಯಲ್ಲಿ ಒಂದು ತಮಾಷೆಯ ರೂಢಿಯಿದೆ. ವೈನಿನ ಗಾಜಿನ ಹೂಜಿಯನ್ನು ಪ್ರತಿಯೊಬ್ಬರೂ ತಮ್ಮ ಎಡಗಡೆಯವರಿಗೆ ದಾಟಿಸುತ್ತ ಹೋಗಬೇಕು. ಯಾರಾದರೂ ಮಾತಿನ ಭರದಲ್ಲಿ ಅದನ್ನು ತಮ್ಮ ಮುಂದೆಯೇ ಇಟ್ಟುಕೊಂಡರೆ, 'ಈ ಕಡೆ ಕೊಡಿ' ಎಂದು ಕೇಳುವುದಿಲ್ಲ. ನಾರ್ವಿಚ್ ಊರಿನ ಧರ್ಮಾಧ್ಯಕ್ಷರ ಪರಿಚಯ ನಿಮಗುಂಟೇ ಎಂದು ಮೆಲ್ಲಗೆ ಕೇಳುತ್ತಾರೆ! 1805ರಿಂದ 1837ರವರೆಗೆ ಅಲ್ಲಿ ಆಂಗ್ಲಿಕನ್ ಧರ್ಮಾಧ್ಯಕ್ಷರಾಗಿದ್ದ ಹೆನ್ರಿ ಬಾತರ್ಸ್ಟ್ ಎಂಬವರು ತುಂಬ ವಯಸ್ಸಾದ ಮೇಲೆ ಊಟದ ಮೇಜಿನಲ್ಲಿ ತೂಕಡಿಸಿ ಹೂಜಿ ದಾಟಿಸಲು ಮರೆಯುತ್ತಿದ್ದರಂತೆ. ಅದರಿಂದ ಈ ಮಾತು ಹುಟ್ಟಿತೆಂದು ಹೇಳುತ್ತಾರೆ. ನಕ್ಕು ಬಿಡಬಹುದು. ಆದರೆ ಹೂಜಿಯನ್ನು ತಡೆದವನು ಕೆಟ್ಟವನೇನಲ್ಲ, ಕಳ್ಳನೂ ಅಲ್ಲ. ತನ್ನ ಗ್ಲಾಸು ತುಂಬಿತಲ್ಲ ಎಂದು ಪಕ್ಕದವನನ್ನು ಮರೆತ, ಅಷ್ಟೇ. ನಮ್ಮ ಬಹುತೇಕ ಪಾಪಗಳ ಬೇರು ಇದೇ ಮರೆವಿನಲ್ಲಿದೆ.

ಇಲ್ಲಿಗೆ ಬಂದಾಗ ನಮ್ಮ ಹಳ್ಳಿಯ ಒಬ್ಬ ತಾಯಿ ಎದ್ದು ಕೇಳಬಹುದು: "ಫಾದರ್, ಕುಡತದಿಂದ ನಮ್ಮ ಮನಿ ಹಾಳಾಗೇತಿ. ನೀವು ವೈನಿನ ರುಚಿ ಹೇಳಾಕ ಕುಂತೀರಲ್ಲ?" ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗುವಂತಿಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಹೊಲದ ಕೂಲಿ ಅಂಗಡಿಯ ಪಾಲಾಗುವ, ಮಕ್ಕಳು ರಾತ್ರಿ ಬಾಗಿಲ ಸದ್ದಿಗೆ ನಡುಗುವ ಮನೆಗಳು ಇವತ್ತಿಗೂ ಇವೆ. ಪೋರ್ಟ್ ಎಂಬ ಗೌರವದ ಹೆಸರಿದ್ದರೂ ಅದರಲ್ಲಿ ಸುಮಾರು 20 ಭಾಗ ಮದ್ಯವಿದೆ, ಸಾಧಾರಣ ವೈನಿಗಿಂತ ಹೆಚ್ಚು. ಸಿಹಿಯಾಗಿರುವುದರಿಂದ ಅದರ ಬಲ ತಿಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ಪ್ರವಚನ ಮಾಡಬಾರದು.

ಹಾಗಾದರೆ ಕುಡುಕನಿಗೂ ರಸಿಕನಿಗೂ ಏನು ವ್ಯತ್ಯಾಸ? ಬಾಟಲಿಯ ಬೆಲೆ ನೋಡಿ ಇದನ್ನು ಹೇಳಲಾಗದು. ದುಬಾರಿ ವೈನ್ ಕುಡಿದು ಮನೆ ಕೆಡಿಸಿದವರೂ ಉಂಟು. ಕುಡುಕನಿಗೆ ಪಕ್ಕದವನು ಬೇಡ. ಗೆಳೆಯರ ನಡುವೆ ಕೂತಿದ್ದರೂ ಅವನು ಒಂಟಿ. ಹೂಜಿ ಅವನ ಮುಂದೆ ನಿಂತುಬಿಟ್ಟಿದೆ. ರುಚಿ ಕೇಳಿದರೆ ಅವನು ಹೇಳಲಾರ, ಏಕೆಂದರೆ ಅವನು ರುಚಿ ನೋಡಲೇ ಇಲ್ಲ. ದ್ರಾಕ್ಷಾರಸವನ್ನು ಸ್ವಲ್ಪ ಸೇವಿಸಲು ತಿಮೊಥೇಯನಿಗೆ ಸಲಹೆ ಕೊಟ್ಟ ಸಂತ ಪೌಲರೇ (1 ತಿಮೊಥೇಯ 5:23) ಎಫೆಸದವರಿಗೆ ಕುಡಿದು ಮತ್ತರಾಗದಂತೆ ಎಚ್ಚರಿಕೆ ಕೊಟ್ಟರು (ಎಫೆಸ 5:18). ಎರಡೂ ಒಂದೇ ಲೇಖನಿಯ ಮಾತುಗಳು.

ಕುಡಿತದ ರೋಗಕ್ಕೆ ಸಿಕ್ಕಿದವನಿಗಾದರೋ ಸ್ವಲ್ಪ ಎಂಬುದೂ ಇಲ್ಲ. ಅವನಿಗೆ ಒಂದು ಗುಟುಕೂ ಬೇಡ. ಮದುವೆಯಲ್ಲಿ, ಹಬ್ಬದಲ್ಲಿ "ಒಂದೀಟ ತಗೋ, ಏನಾಗೂದಿಲ್ಲ" ಎಂದು ಒತ್ತಾಯ ಮಾಡುವುದು ಸಹೋದರಪ್ರೀತಿಯಲ್ಲ. ಅಂಥವನ ಮುಂದೆ ಶರಬತ್ತಿನ ಗ್ಲಾಸು ಇಡಿರಿ, ಎಲ್ಲರೊಡನೆ ಕೂಡಿಸಿಕೊಳ್ಳಿರಿ. ಧರ್ಮಸಭೆಯೇ ಇದಕ್ಕೆ ದಾರಿ ತೋರಿಸಿದೆ. ಬಲಿಪೂಜೆಯ ದ್ರಾಕ್ಷಾರಸ ಶುದ್ಧವಾಗಿ ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು ಎಂಬುದು ಕಟ್ಟಳೆ. ಆದರೂ ಮದ್ಯ ಮುಟ್ಟಲಾಗದ ಗುರುಗಳು ಧರ್ಮಾಧ್ಯಕ್ಷರ ಅಪ್ಪಣೆ ಪಡೆದು ಆಗತಾನೆ ಹುಳಿಯೇಳಲು ತೊಡಗಿದ ದ್ರಾಕ್ಷಿರಸದಿಂದ ಪೂಜೆ ಅರ್ಪಿಸಬಹುದೆಂದು ರೋಮ್ 2003ರಲ್ಲಿ ತಿಳಿಸಿತು. ಬಲಿಪೀಠದ ಬಳಿಯೇ ಇಷ್ಟು ಅನುಕಂಪವಿರುವಾಗ ನಮ್ಮ ಊಟದ ಮನೆಯಲ್ಲಿ ಏಕಿರಬಾರದು? ಬಹುಕಾಲ ಕುಡಿದವನು ದಿಢೀರನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಕರೆದುಕೊಂಡು ಹೋಗುವುದಕ್ಕೆ ನಾಚಿಕೆಪಡಬೇಡಿರಿ.

ಪ್ರಿಯರೇ, ಒಂದು ಹನಿಯನ್ನೂ ಮುಟ್ಟದ ಮನೆಗೂ ಈ ಹಳೆಯ ವೈನು ಒಂದು ಪಾಠ ಹೇಳುತ್ತದೆ. ಇಂಗ್ಲೆಂಡಿನ ಕೆಲವು ಮನೆತನಗಳಲ್ಲಿ ಮಗುವಿನ ಜ್ಞಾನಸ್ನಾನದ ಹೊತ್ತಿಗೆ ಜ್ಞಾನತಂದೆಯು ಅದೇ ವರ್ಷದ ಪೋರ್ಟ್ ವೈನನ್ನು ಕೊಂಡು ನೆಲಮಾಳಿಗೆಯಲ್ಲಿಡುವ ಸಂಪ್ರದಾಯವಿತ್ತು. ಮಗುವಿಗೆ 21 ವರ್ಷ ತುಂಬಿದಾಗ ಅದನ್ನು ತೆರೆಯುವುದು. ಅಷ್ಟರಲ್ಲಿ ಕೊಂಡವನು ಬದುಕಿರುತ್ತಾನೋ ಇಲ್ಲವೋ! ತಾನು ಕಾಣಲಾರದ ದಿನಕ್ಕಾಗಿ ಅವನು ಇಡುತ್ತಿದ್ದ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೆನೆಯಿರಿ. ಅದನ್ನು ಮಾಡಿಸಿದ ಅಜ್ಜ ತನ್ನ ಮೊಮ್ಮಗನ ಮಗ ಅದರಲ್ಲಿ ಮಲಗುವುದನ್ನು ನೋಡಲಾರ. ಆದರೂ ಗಟ್ಟಿ ಮರವನ್ನೇ ಆರಿಸುತ್ತಾನೆ.

ಜ್ಞಾನತಂದೆ ಜ್ಞಾನತಾಯಿಯರಾಗಿ ಬಲಿಪೀಠದ ಮುಂದೆ ನಿಂತ ನಾವು ಆ ಮಗುವಿಗಾಗಿ ಏನನ್ನು ಇಟ್ಟಿದ್ದೇವೆ? ಬೆಳ್ಳಿಯ ಉಡಿದಾರ ಕೊಟ್ಟು ಮನೆಗೆ ಬಂದರೆ ಮುಗಿಯಿತೇ? ಅವನ ಹೆಸರಿನಲ್ಲಿ ದಿನಕ್ಕೊಂದು ಪ್ರಾರ್ಥನೆ, ವರ್ಷಕ್ಕೊಂದು ಭೇಟಿ, ಕಷ್ಟಕಾಲದಲ್ಲಿ ಬಾಗಿಲು ತಟ್ಟಲು ಒಂದು ಮನೆ, ಇವೇ ನಾವು ಇಡಬಹುದಾದ ಬಾಟಲಿಗಳು. ಹಳೆಯ ಪೀಪಾಯಿಯನ್ನೂ ಎಳೆಯ ಪೀಪಾಯಿಯನ್ನೂ ಬೆರೆಸಿದಾಗ ಟೋನಿ ಹದಕ್ಕೆ ಬರುವ ಹಾಗೆ, ಅಜ್ಜಿಯೂ ಮೊಮ್ಮಗಳೂ ಒಂದೇ ಪಂಕ್ತಿಯಲ್ಲಿ ಕೂತರೆ ಮನೆ ಹದಕ್ಕೆ ಬರುತ್ತದೆ. ಸಿರಾಖನು ಗೆಳೆತನವನ್ನು ದ್ರಾಕ್ಷಾರಸಕ್ಕೆ ಹೋಲಿಸಿದ್ದೂ ಹಳೆಯದಾದಷ್ಟೂ ಅದರ ಸವಿ ಹೆಚ್ಚುತ್ತದೆಂದೇ (ಸಿರಾಖ 9:10).

ಈ ಭಾನುವಾರ ಊಟಕ್ಕೆ ಕೂತಾಗ ಹೀಗೆ ಮಾಡಿ ನೋಡಿರಿ. ಮನೆಯ ಹಿರಿಯರಲ್ಲಿ ಒಬ್ಬರನ್ನು ಅವರ ಹಳೆಯ ದಿನವೊಂದನ್ನು ಹೇಳಲು ಕೇಳಿರಿ. ಅವಸರ ಮಾಡಬೇಡಿರಿ, ನಡುವೆ ಬಾಯಿ ಹಾಕಬೇಡಿರಿ. ಕೇಳಿ ತುಸು ಹೊತ್ತು ಸುಮ್ಮನಿದ್ದು, ತಮಗೆ ಏನು ತಟ್ಟಿತೆಂದು ಒಬ್ಬೊಬ್ಬರೇ ಹೇಳಿರಿ. ಚಿಕ್ಕ ಮಗುವಿನ ಮಾತನ್ನೂ ಕೇಳಿರಿ. ಅದಕ್ಕೆ ಕಂಡದ್ದು ನಮಗೆ ಕಂಡಿರಲಿಕ್ಕಿಲ್ಲ.

ಕಡೆಯ ಭೋಜನದ ರಾತ್ರಿ ಪ್ರಭು ಯೇಸು ಪಾತ್ರೆಯನ್ನು ಕೈಗೆತ್ತಿಕೊಂಡು ಸ್ತೋತ್ರ ಸಲ್ಲಿಸಿದರು. ಅದನ್ನು ತಮ್ಮ ಮುಂದೆ ಇಟ್ಟುಕೊಳ್ಳಲಿಲ್ಲ. ಹಂಚಿಕೊಳ್ಳಲು ಶಿಷ್ಯರಿಗೆ ಕೊಟ್ಟರು (ಲೂಕ 22:17). ಆ ಪಾತ್ರೆ ಅಂದಿನಿಂದ ಕೈಯಿಂದ ಕೈಗೆ ದಾಟುತ್ತ ನಮ್ಮ ಊರಿನ ಬಲಿಪೀಠದವರೆಗೆ ಬಂದಿದೆ. ಅದು ನಮ್ಮ ಮುಂದೆ ನಿಲ್ಲದಿರಲಿ. ನಮ್ಮ ಎಡಕ್ಕೂ ಬಲಕ್ಕೂ ಯಾರಿದ್ದಾರೆಂದು ನೋಡುವ ಕಣ್ಣನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.