ಹೆಸರು ಮತ್ತು ಹೊಣೆ

ವಿಂಡೋಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ರಚಿತವಾದ ಹಳೆಯ ನಿಘಂಟು ತಂತ್ರಾಂಶವೊಂದು ನನ್ನಲ್ಲಿದೆ. ನನ್ನ ಹೊಸ ಗಣಕದಲ್ಲಿರುವುದು ಲಿನಕ್ಸ್. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಮೊನ್ನೆ ಶಿಷ್ಯನೊಬ್ಬ 'ವೈನ್' ಎಂಬ ಸಾಧನದ ಮೂಲಕ ಆ ನಿಘಂಟನ್ನು ಅಲ್ಲಿಯೇ ನಡೆಸಿ ತೋರಿಸಿದ. ತಂತ್ರಾಂಶ ಬೇಡುವ ಸೇವೆಗಳನ್ನೆಲ್ಲ ವೈನ್ ತಾನೇ ಒದಗಿಸುತ್ತದೆ. "ನೀನು ಯಾರು?" ಎಂದು ಅದು ಕೇಳಿದರೆ "ವಿಂಡೋಸ್" ಎಂದೇ ಉತ್ತರಿಸುತ್ತದೆ.

ಇದು ಸುಳ್ಳಲ್ಲವೆ?

ಮೇಲುನೋಟಕ್ಕೆ ಸುಳ್ಳೇ ಸರಿ. ಆದರೆ ಸುಳ್ಳಿನ ದೋಷವಿರುವುದು ನಂಬಿದವನನ್ನು ವಂಚಿಸುವುದರಲ್ಲಿ. ಇಲ್ಲಿ ನಂಬುವವನು ನಾನು. ನನ್ನಿಂದ ಏನನ್ನೂ ಮುಚ್ಚಿಟ್ಟಿಲ್ಲ. ತಂತ್ರಾಂಶವಾದರೂ ಕುಲಗೋತ್ರವನ್ನು ವಿಚಾರಿಸುತ್ತಿಲ್ಲ, "ನನ್ನ ಕೆಲಸ ನಡೆಸಿಕೊಡುವೆಯಾ?" ಎಂಬುದೇ ಅದರ ಪ್ರಶ್ನೆ. ಆದ್ದರಿಂದ ಆ ಉತ್ತರ ಪರಿಚಯವಲ್ಲ, ಕೊಟ್ಟ ಮಾತು.

ಮಾತು ಕೊಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. 1993ರಲ್ಲಿ ಆರಂಭವಾದ ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಕಟ್ಟಿದವರು ವಿಂಡೋಸ್‌ನ ಮೂಲ ಸಂಕೇತವನ್ನು ನಕಲು ಮಾಡಲಿಲ್ಲ. ಅದರ ನಡವಳಿಕೆಯನ್ನು ಪರೀಕ್ಷಿಸಿ, ಹೊಸದಾಗಿ ಬರೆದರು. ಅದರ ಕೆಲವು ತಪ್ಪುಗಳನ್ನೂ ಅನುಸರಿಸಬೇಕಾಯಿತು; ಹಳೆಯ ತಂತ್ರಾಂಶಗಳು ಆ ತಪ್ಪುಗಳನ್ನೇ ನೆಚ್ಚಿಕೊಂಡಿದ್ದವು.

ತಾಯಿಯಿಲ್ಲದ ಮಗುವನ್ನು ಸಾಕಿದ ಚಿಕ್ಕಮ್ಮ, ಅದು "ಅಮ್ಮಾ" ಎಂದಾಗ ಓಗೊಡುತ್ತಾಳೆ. ಅವಳನ್ನು ಸುಳ್ಳುಗಾರ್ತಿ ಎನ್ನುವವರುಂಟೆ? ಹೊಣೆಯನ್ನು ಹೊತ್ತಮೇಲೆ ಹೆಸರು ನಿಜವಾಗುತ್ತದೆ.

ವಿದ್ಯಾರ್ಥಿಗಳು "ಗುರುಗಳೇ" ಎಂದಾಗ ನಾನೂ ಓಗೊಡುತ್ತೇನೆ. ಆ ಉತ್ತರ ನಿಜವೆ? ಸಂಬಳದ ಪಟ್ಟಿಯಲ್ಲಿ ನನ್ನ ಹುದ್ದೆಯೇನೋ ಸರಿಯಾಗಿಯೇ ಇದೆ. ನಿಜವನ್ನು ಮಾತ್ರ ಆಯಾ ದಿನದ ಪಾಠವೇ ಹೇಳಬೇಕು.