ಬಾಕಿ ಇಟ್ಟುಕೊಂಡು ಸಾಕ್ಷಿ ಹೇಳಬಹುದಾ?

ಲೂಕ 19ನೇ ಅಧ್ಯಾಯ, 1ರಿಂದ 10ನೇ ವಚನಗಳನ್ನು ತೆರೆದಿಟ್ಟುಕೊಳ್ಳಿ. ಜಕ್ಕಾಯನ ವಿಷಯ. ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತಿರುವ ಭಾಗ. ಅಲ್ಲಿಗೆ ಹೋಗುವ ಮೊದಲು ನನ್ನದೇ ಒಂದು ಸಾಕ್ಷಿ ಹೇಳಬೇಕು. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ.

ನಿಮಗೆಲ್ಲ ಗೊತ್ತಿರುವ ಹಾಗೆ ವಾರದ ಆರು ದಿನ ನಾನು ಮೋಟರ್ ವೈಂಡಿಂಗ್ ಕೆಲಸ ಮಾಡ್ತೀನಿ. ಭಾನುವಾರ ಇಲ್ಲಿ ನಿಲ್ಲುತ್ತೇನೆ. ಮನೆಗೆ ದಿನಸಿ ತರುವುದು ನಮ್ಮ ಬೀದಿಯ ಒಂದು ಅಂಗಡಿಯಿಂದ. ಅಂಗಡಿಯವರು ನಮ್ಮ ವಿಶ್ವಾಸದವರಲ್ಲ. ಆದರೆ ನಾನು ಪಾಸ್ಟರ್ ಅಂತ ಗೊತ್ತಿರುವುದರಿಂದ ಯಾವತ್ತೂ ಇಲ್ಲ ಅನ್ನದೆ ಸಾಲ ಕೊಡ್ತಿದ್ದರು. ಒಂದು ಸಲ ಆ ಬಾಕಿ 3,500 ರೂಪಾಯಿ ಆಯಿತು. ಒಂದು ತಿಂಗಳು ದಾಟಿತು, ಎರಡು ದಾಟಿತು, ಮೂರೂ ದಾಟಿತು. ಅವರು ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಅನುಕೂಲವಾಯಿತು. ನನ್ನ ಹೆಂಡತಿ ಮಾತ್ರ ಆ ಅಂಗಡಿ ಮುಂದೆ ಹೋಗೋಕೆ ಸಂಕೋಚಪಟ್ಟು ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಓಡಾಡೋಕೆ ಶುರುಮಾಡಿದಳು. ನಾನು ಅದನ್ನು ನೋಡಿದೆ, ನೋಡದ ಹಾಗೆ ಇದ್ದುಬಿಟ್ಟೆ.

ಅದೇ ಮೂರು ತಿಂಗಳಲ್ಲಿ ನಮ್ಮ ಸಭೆಗೆ ಹೊಸ ಸ್ಪೀಕರ್ ತಗೊಂಡೆವು, ನೆನಪಿದೆಯಾ? ಅದಕ್ಕೆ ನಾನು 2,000 ರೂಪಾಯಿ ಕಾಣಿಕೆ ಕೊಟ್ಟೆ. ನೀವೆಲ್ಲ ಸ್ತೋತ್ರ ಹೇಳಿದಿರಿ. ನನಗೂ ಸಂತೋಷವಾಯಿತು.

ಆಮೇಲೆ ಒಂದು ದಿನ ನಾವು ಬೀದಿಯಲ್ಲಿ ಸುವಾರ್ತೆಯ ಕರಪತ್ರಗಳನ್ನು ಹಂಚುತ್ತಾ ಬಂದೆವು. ಆ ಅಂಗಡಿಯನ್ನು ಬಿಟ್ಟು ಮುಂದೆ ಹೋದರೆ ಜೊತೆಯಲ್ಲಿದ್ದ ಯೌವನಸ್ಥರು ಯಾಕೆ ಅಂತ ಕೇಳ್ತಾರೆ. ಹಾಗಾಗಿ ಹೋಗಿ ಒಂದು ಕರಪತ್ರ ಕೊಟ್ಟು, "ಅಣ್ಣ, ಬಿಡುವಾದಾಗ ಓದಿ" ಅಂದೆ. ಅವರು ಕೈ ಚಾಚಿ ತಗೊಂಡರು. ಕೋಪ ಮಾಡಲಿಲ್ಲ. ಮೇಜಿನ ಕೆಳಗಿಂದ ಲೆಕ್ಕದ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿ, "ಓದ್ತೀನಿ ಪಾಸ್ಟರೇ. ನೀವೂ ಬಿಡುವಾದಾಗ ಇದನ್ನ ಓದಿ" ಅಂದರು.

ಪ್ರಿಯರೇ, ಬೈಬಲ್ ಕಾಲೇಜಿನಲ್ಲಿ ನಾನು ಡಿಪ್ಲೊಮಾ ಮಾಡಿದ್ದೇನೆ. ಪ್ರಸಂಗ ಹೇಗೆ ತಯಾರು ಮಾಡಬೇಕು ಅಂತ ಕಲಿತಿದ್ದೇನೆ. ಆ ದಿನ ಅಂಗಡಿ ಮೇಜಿನ ಹತ್ತಿರ ಕೇಳಿದಂಥ ಪ್ರಸಂಗವನ್ನು ಯಾರೂ ನನಗೆ ಮಾಡಿರಲಿಲ್ಲ.

ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ನನ್ನ ಮನಸ್ಸು ಏನು ಮಾಡಿತು ಗೊತ್ತಾ? ವಾದ ಮಾಡಿತು. "ಕರ್ತನೇ, ನೀನು ನನ್ನ ಪಾಪಗಳನ್ನೆಲ್ಲ ಕ್ಷಮಿಸಿದ್ದೀಯಲ್ಲ. ಈ ಅಲಕ್ಷ್ಯವನ್ನೂ ಕ್ಷಮಿಸು" ಅಂತ ಕೇಳಿದೆ. ಕೇಳಿದ ತಕ್ಷಣ ಒಂದು ಪ್ರಶ್ನೆ ಒಳಗೆ ಬಂತು. ದೇವರು ಕ್ಷಮಿಸಿದ ಮೇಲೆ ಅಂಗಡಿಯವರ ಬಾಕಿ ಉಳಿಯುತ್ತದಾ, ಇಲ್ಲವಾ? ಈ ದಿನ ನಾವು ಧ್ಯಾನಿಸಬೇಕಾದದ್ದು ಇದೇ ಪ್ರಶ್ನೆಯನ್ನು.

ಯಾಜಕಕಾಂಡ 6ನೇ ಅಧ್ಯಾಯದ ಮೊದಲ ಭಾಗವನ್ನು ಮನೆಗೆ ಹೋಗಿ ಓದಿ. ಒಬ್ಬನು ನೆರೆಯವನಿಗೆ ಮೋಸ ಮಾಡಿದ್ದಾನೆ. ಇಟ್ಟುಕೊಳ್ಳಲು ಕೊಟ್ಟದ್ದನ್ನು ಕೊಟ್ಟೇ ಇಲ್ಲ ಅಂದಿದ್ದಾನೆ, ಅಥವಾ ಕಿತ್ತುಕೊಂಡಿದ್ದಾನೆ, ಅಥವಾ ಸಿಕ್ಕ ವಸ್ತುವನ್ನು ಸಿಕ್ಕಿಲ್ಲ ಅಂತ ಸುಳ್ಳಾಣೆ ಇಟ್ಟಿದ್ದಾನೆ. ಅವನು ದೇವರಿಗೆ ಟಗರನ್ನು ತರಬೇಕು, ಯಾಜಕನು ದೋಷಪರಿಹಾರ ಮಾಡಬೇಕು. ಸರಿ. ಆದರೆ ಟಗರು ತಂದರೆ ಮುಗಿಯಲಿಲ್ಲ. ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು, ಅದನ್ನು ಅದರ ಒಡೆಯನ ಕೈಗೇ ಕೊಡಬೇಕು. ಗಮನಿಸಿ, ಒಡೆಯನ ಕೈಗೆ. ಯಾಜಕನಿಗೆ ಕೊಟ್ಟರೆ ಆಗಲ್ಲ, ದೇವಾಲಯದ ಬೊಕ್ಕಸಕ್ಕೆ ಹಾಕಿದರೂ ಆಗಲ್ಲ. ಸ್ಪೀಕರಿಗೆ ಕಾಣಿಕೆ ಕೊಟ್ಟರೂ ಆಗಲ್ಲ.

ಇದರ ಅರ್ಥ ಏನು? ಪಾಪಕ್ಕೆ ಎರಡು ಕಡೆ ಇದೆ. ನಾನು ದೇವರಿಗೆ ವಿರೋಧವಾಗಿ ಮಾಡಿದ್ದು ಒಂದು ಕಡೆ. ನೆರೆಯವನಿಗೆ ಆದ ನಷ್ಟ ಇನ್ನೊಂದು ಕಡೆ. ಮೊದಲನೆಯದನ್ನು ನಾನು ಯಾವ ಜನ್ಮದಲ್ಲೂ ತೀರಿಸಲಾರೆ, ಅದನ್ನು ಯೇಸು ಶಿಲುಬೆಯ ಮೇಲೆ ತೀರಿಸಿದನು, ಆತನಿಗೆ ಸ್ತೋತ್ರ. ಎರಡನೆಯದನ್ನು ತೀರಿಸಲು ನನ್ನ ಕೈಲಿ ಆಗುತ್ತದೆ. ಆಗುವುದನ್ನು ಬಿಟ್ಟು, ಆಗದೇ ಇರುವುದಕ್ಕೆ ಕೊಟ್ಟ ಕೃಪೆಯ ಹಿಂದೆ ಅಡಗಿಕೊಂಡರೆ ಅದು ಕೃಪೆಗೆ ಮಾಡುವ ಅವಮಾನ. ನನ್ನ ಕ್ಷಮಾಪಣೆಯ ಖರ್ಚನ್ನು ಅಂಗಡಿಯವರು ಯಾಕೆ ಕಟ್ಟಬೇಕು? ಅವರು ಮನ್ನಾ ಮಾಡಿದರೆ ಅದು ಅವರ ದೊಡ್ಡತನ. ಅವರ ಪರವಾಗಿ ನಾನೇ ಮನ್ನಾ ಮಾಡಿಕೊಂಡರೆ ಅದು ಕಳ್ಳತನ.

ಕರ್ತನಾದ ಯೇಸು ಇದನ್ನು ಇನ್ನೂ ಬಿಗಿ ಮಾಡಿದನು. ಮತ್ತಾಯ 5:23-24. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ನಿಂತಿರುವಾಗ ಸಹೋದರನಿಗೆ ನನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗಿ ಬಾ ಅನ್ನುತ್ತಾನೆ. ಈ ಬೋಧನೆ ಗಲಿಲಾಯದಲ್ಲಿ ಆಯಿತು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಡೆದು ಹೋದರೆ ಕೆಲವು ದಿನಗಳ ದಾರಿ. ಅಷ್ಟು ದೂರ ಬಂದವನಿಗೆ ಕರ್ತನು ವಾಪಸ್ ಹೋಗು ಅಂತಾನೆ. ನನ್ನ ಅಂಗಡಿ ಎಷ್ಟು ದೂರ ಇತ್ತು? ಎಂಟು ಮನೆ.

ನಿಮ್ಮಲ್ಲಿ ಕೆಲವರು ಕೇಳಬಹುದು, "ಪಾಸ್ಟರ್, ಹಾಗಾದರೆ ರಕ್ಷಣೆ ಕ್ರಿಯೆಗಳಿಂದ ಬರುತ್ತದಾ?" ಒಳ್ಳೆ ಪ್ರಶ್ನೆ. ಈಗ ಜಕ್ಕಾಯನ ಹತ್ತಿರ ಬನ್ನಿ. ಅವನು ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ಐಶ್ವರ್ಯವಂತ. ಮರದ ಮೇಲಿದ್ದಾಗ ಅವನು ಒಂದು ಕಾಸನ್ನೂ ಯಾರಿಗೂ ವಾಪಸ್ ಕೊಟ್ಟಿರಲಿಲ್ಲ. ಆಗಲೇ ಯೇಸು ಅವನನ್ನು ಹೆಸರು ಹಿಡಿದು ಕರೆದನು, ಇವತ್ತು ನಿನ್ನ ಮನೆಯಲ್ಲಿ ಇರಬೇಕು ಅಂದನು. ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಊಟಕ್ಕೆ ಬರ್ತೀನಿ ಅನ್ನಲಿಲ್ಲ. ಕೃಪೆ ಮೊದಲು ಬಂತು. ಕೃಪೆ ಮನೆಯೊಳಗೆ ಬಂದದ್ದರಿಂದಲೇ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂದನು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದನು. ಧರ್ಮಶಾಸ್ತ್ರ ತಾನಾಗಿ ಒಪ್ಪಿಕೊಂಡವನಿಗೆ ಐದನೇ ಒಂದು ಪಾಲು ಮಾತ್ರ ಕೇಳಿತ್ತು. ಬೆಲೆ ಕೊಟ್ಟು ಕೊಳ್ಳುವವನು ಚೌಕಾಸಿ ಮಾಡುತ್ತಾನೆ. ಬಿಟ್ಟಿಯಾಗಿ ಪಡೆದವನು ಹೀಗೆ ಕೈಬಿಚ್ಚಿ ಕೊಡುತ್ತಾನೆ. ಬಾಕಿ ತೀರಿಸುವುದು ರಕ್ಷಣೆಗೆ ಕೊಡುವ ಬೆಲೆ ಅಲ್ಲ, ರಕ್ಷಣೆ ಮನೆಗೆ ಬಂದಿದೆ ಅನ್ನುವುದರ ಗುರುತು.

ನಾವು ಪೆಂತೆಕೋಸ್ತಿನವರು. ನಮ್ಮ ಹಿರಿಯರನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 1906ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಅಜೂಸಾ ಬೀದಿಯಲ್ಲಿ ಉಜ್ಜೀವನ ಆಯಿತು. ಅದನ್ನು ನಡೆಸಿದ ವಿಲಿಯಂ ಸೇಮೂರ್ ಗುಲಾಮರಾಗಿದ್ದ ತಂದೆತಾಯಿಗಳ ಮಗ. ಅಲ್ಲಿ ಜನ ಅನ್ಯಭಾಷೆ ಮಾತಾಡಿದ್ದು, ರೋಗಿಗಳಿಗಾಗಿ ಪ್ರಾರ್ಥಿಸಿದ್ದು ನಮಗೆಲ್ಲ ಗೊತ್ತು. ಆದರೆ ಆ ಸಭೆ ಅದೇ ವರ್ಷ ತನ್ನ ಪತ್ರಿಕೆಯಲ್ಲಿ ತಾನು ಬೋಧಿಸುವ ವಿಷಯಗಳ ಪಟ್ಟಿ ಹಾಕಿತ್ತು. ಅದರಲ್ಲಿ ಪಾಪಕ್ಕಾಗಿ ದುಃಖಪಡುವುದು, ಪಾಪವನ್ನು ಅರಿಕೆಮಾಡುವುದು, ಪಾಪವನ್ನು ಬಿಡುವುದು ಇವುಗಳ ಸಾಲಿನಲ್ಲೇ ಇನ್ನೊಂದು ಮಾತಿದೆ: ತಗೊಂಡದ್ದನ್ನು ಹಿಂದಿರುಗಿಸಿ ಸರಿಮಾಡುವುದು. ಪ್ರಿಯರೇ, ಭಾಷೆ ನೆನಪಿಟ್ಟುಕೊಂಡೆವು, ಬಾಕಿ ಮರೆತೆವು. ನಾಲಿಗೆಯನ್ನು ಮುಟ್ಟಿದ ಪವಿತ್ರಾತ್ಮನು ಜೇಬನ್ನು ಮುಟ್ಟುವುದು ಬೇಡ ಅಂದೆವಾ?

ಇನ್ನೊಂದು ತಪ್ಪಿಗೂ ನಾವು ಬೀಳಬಾರದು. "ನನ್ನ ಜೀವಿತ ಸರಿ ಇಲ್ಲ, ಅದಕ್ಕೇ ಸಾಕ್ಷಿ ಹೇಳಲ್ಲ, ಸುಮ್ಮನೆ ಒಳ್ಳೆಯವನಾಗಿ ಬದುಕ್ತೀನಿ" ಅನ್ನುವವರಿದ್ದಾರೆ. ಮಾತಿನ ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿ ಸಾರಿ ಅನ್ನುವ ಅರ್ಥದ ಒಂದು ಮಾತು ಅಸ್ಸಿಸಿಯ ಫ್ರಾನ್ಸಿಸರ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅವರು ಬರೆದದ್ದರಲ್ಲಿ ಆ ಮಾತು ಎಲ್ಲೂ ಇಲ್ಲ. ಅವರೇ ಊರೂರು ತಿರುಗಿ ಬಾಯಿ ತೆರೆದು ಬೋಧಿಸಿದವರು. ನಾನು ಸುಮ್ಮನೆ ಹೋಗಿ ದುಡ್ಡು ಇಟ್ಟು ಬಂದರೆ ಅಂಗಡಿಯವರು ಏನು ತಿಳಿಯುತ್ತಾರೆ? ಪಾಸ್ಟರಿಗೆ ದುಡ್ಡು ಬಂತು ಅಂತ ತಿಳಿಯುತ್ತಾರೆ, ಅಷ್ಟೇ. ಯಾಕೆ ತಂದೆ ಅಂತ ನಾನೇ ಹೇಳಬೇಕು. ಜಕ್ಕಾಯನೂ ಎದ್ದು ನಿಂತು ಬಾಯಿಂದ ಹೇಳಿದನು. ತಪ್ಪಾಯಿತು ಅನ್ನುವುದೇ ಒಬ್ಬ ವಿಶ್ವಾಸಿಯ ಬಾಯಿಂದ ಬರಬೇಕಾದ ಮೊದಲ ಸಾಕ್ಷಿ. "ನಾನು ಒಳ್ಳೆಯವನು, ನೀನೂ ನನ್ನ ಹಾಗೆ ಆಗು" ಅನ್ನುವುದು ಸುವಾರ್ತೆಯೇ ಅಲ್ಲ.

ನಾನು ಏನು ಮಾಡಿದೆ ಹೇಳ್ತೀನಿ. ಹೊಸ ಮೊಬೈಲಿಗೆ ಅಂತ ಇಟ್ಟಿದ್ದ ದುಡ್ಡು ಇತ್ತು. ಹೌದು, ದುಡ್ಡು ಇತ್ತು, ಅದೇ ನಾಚಿಕೆ. 3,500ಕ್ಕೆ ಐದನೇ ಒಂದು ಪಾಲು 700. ಒಟ್ಟು 4,200 ತಗೊಂಡು ಹೋದೆ. "ಅಣ್ಣ, ದುಡ್ಡು ಇದ್ದೂ ಕೊಡಲಿಲ್ಲ. ನಾನು ನಂಬಿರುವ ದೇವರಿಗೆ ಇದು ಇಷ್ಟ ಇಲ್ಲ. ತಪ್ಪಾಯಿತು" ಅಂದೆ. ಅವರು ಎಣಿಸಿ, 700 ವಾಪಸ್ ಕೊಟ್ಟು, "ಬಡ್ಡಿ ವ್ಯಾಪಾರ ನಂದಲ್ಲ ಪಾಸ್ಟರೇ" ಅಂದರು. ಆಮೇಲೆ, "ಇದನ್ನ ನಿಮ್ಮ ಸಭೇಲಿ ಹೇಳ್ತೀರಾ?" ಅಂತ ಕೇಳಿದರು. ಹೇಳು ಅಂದರೆ ಹೇಳ್ತೀನಿ ಅಂದೆ. "ಹೇಳಿ. ನಿಮ್ಮವರೇ ಇನ್ನೂ ಇಬ್ಬರು ಕೊಡಬೇಕು."

ನಗಬೇಡಿ. ಆ ಇಬ್ಬರು ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಅಂಗಡಿಯವರು ಸಭೆಗೆ ಬಂದಿಲ್ಲ. ಬರಲಿ ಅಂತ ದುಡ್ಡು ಕೊಟ್ಟಿದ್ದರೆ ಅದೂ ಒಂದು ವ್ಯಾಪಾರವೇ ಆಗುತ್ತಿತ್ತು. ಆಮಿಷ ಒಡ್ಡುತ್ತಾರೆ ಅಂತ ನಮ್ಮ ಮೇಲೆ ಮಾತು ಬರುವ ಕಾಲ ಇದು. ಕೊಡಬೇಕಾದದ್ದನ್ನು ಕೊಡುವುದರಲ್ಲೂ, ಸಹಾಯ ಮಾಡುವುದರಲ್ಲೂ ಗಾಳ ಇರಬಾರದು. ಕೇಳಿದವರಿಗೆ ನಮ್ಮ ನಿರೀಕ್ಷೆಯ ಕಾರಣವನ್ನು ಸಾತ್ವಿಕತೆಯಿಂದ, ಗೌರವದಿಂದ ಹೇಳಬೇಕು, ಮನಸ್ಸಾಕ್ಷಿ ಶುದ್ಧವಾಗಿರಬೇಕು ಅಂತ 1 ಪೇತ್ರ 3:15-16 ಕಲಿಸುತ್ತದೆ. ಉತ್ತರವೂ ಮನಸ್ಸಾಕ್ಷಿಯೂ ಅಲ್ಲಿ ಜೊತೆಗೇ ಇವೆ.

ನಮ್ಮ ಕೆಲಸದಲ್ಲೇ ಇರುವ ಒಬ್ಬ ತಮ್ಮ ನನ್ನ ಹತ್ತಿರ ಬಂದಿದ್ದ. ಅವನು ಒಪ್ಪಿದ್ದಕ್ಕೆ ಹೇಳ್ತಿದ್ದೀನಿ. ರಕ್ಷಣೆಗೆ ಬರುವ ಮೊದಲು ತಾಮ್ರದ ತಂತಿಯ ದುಡ್ಡು ತಗೊಂಡು ಅಲ್ಯೂಮಿನಿಯಂ ತಂತಿ ಸುತ್ತಿ ಕೊಡ್ತಿದ್ದನಂತೆ. ಮೋಟರ್ ಒಳಗೆ ಇರುವುದು ಗಿರಾಕಿಗೆ ಕಾಣಲ್ಲ. "ಯಾರ್‍ಯಾರಿಗೆ ಮಾಡಿದೆ ಅಂತ ನೆನಪೇ ಇಲ್ಲ, ಒಬ್ಬರು ತೀರಿಕೊಂಡೂ ಇದ್ದಾರೆ, ಏನು ಮಾಡಲಿ?" ಅಂತ ಅತ್ತ. ಅರಣ್ಯಕಾಂಡ 5:8ರಲ್ಲಿ ಇದಕ್ಕೂ ದಾರಿ ಇದೆ. ಪರಿಹಾರ ಪಡೆಯಲು ಆ ಮನುಷ್ಯನಿಗೆ ಹತ್ತಿರದ ಬಂಧು ಇಲ್ಲದಿದ್ದರೆ ಅದು ಕರ್ತನಿಗೆ ಸೇರಬೇಕು. ನೆನಪಿರುವ ಮನೆಗಳಿಗೆ ಮೊದಲು ಹೋಗು, ತೀರಿಕೊಂಡವರ ಮಕ್ಕಳ ಹತ್ತಿರ ಹೋಗು, ಯಾರೂ ಸಿಗದಿದ್ದರೆ ಆಗ ಕರ್ತನ ಹೆಸರಿನಲ್ಲಿ ಬಡವರಿಗೆ ಕೊಡು ಅಂದೆ. ಮೂರು ಮನೆಗೆ ಹೋದ. ಒಂದು ಮನೆಯಲ್ಲಿ ಚೆನ್ನಾಗಿ ಬೈಸಿಕೊಂಡು ಬಂದ. ಬೈಗುಳ ತಿಂದು ಬಂದ ದಿನ ಅವನ ಮುಖದಲ್ಲಿದ್ದ ಸಮಾಧಾನವನ್ನು ನಾನು ಮರೆಯಲ್ಲ.

ನಿಜವಾಗಿಯೂ ಕೈಲಿ ಏನೂ ಇಲ್ಲದವರು ಹೆದರಬೇಡಿ. ಹೋಗಿ ಮುಖ ತೋರಿಸಿ, ತಿಂಗಳಿಗೆ ಇಷ್ಟು ಅಂತ ಮಾತು ಕೊಡಿ, ಮಾತು ಉಳಿಸಿಕೊಳ್ಳಿ. ಇರುವವರು ಫಿಲೆಮೋನನ ಪತ್ರಿಕೆಯ 18ನೇ ವಚನ ಓದಿ. ಒನೇಸಿಮನು ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು ಅಂತ ಪೌಲನು ಸೆರೆಮನೆಯಿಂದ ಬರೆದನು. ಸಭೆ ಅಂದರೆ ಅದು.

ಈ ವಾರ ಕರಪತ್ರ ಹಿಡಿದು ಹೊರಡುವ ಮುಂಚೆ ಒಬ್ಬೊಬ್ಬರೂ ನಿಮ್ಮ ಲೆಕ್ಕ ನೋಡಿಕೊಳ್ಳಿ. ಮನೆ ಕೆಲಸದವರ ಸಂಬಳ, ಅಕ್ಕಪಕ್ಕದವರಿಂದ ತಂದ ಪಾತ್ರೆ, ತಮ್ಮನಿಗೆ ಸೇರಬೇಕಾದ ಪಾಲು, ಅತ್ತೆಗೆ ಆಡಿದ ಮಾತು. ಯಾವುದು ನೆನಪಿಗೆ ಬರುತ್ತದೋ ಅಲ್ಲಿಗೆ ಮೊದಲು ಹೋಗಿ. ನನ್ನ ಹೆಂಡತಿ ಈಗ ಹಿಂದಿನ ಗಲ್ಲಿಯಿಂದ ಓಡಾಡುವುದಿಲ್ಲ.

ಪ್ರಾರ್ಥನೆ ಮಾಡೋಣ. ಪ್ರೀತಿಯುಳ್ಳ ತಂದೆಯೇ, ನಾವು ತೀರಿಸಲಾರದ ಸಾಲವನ್ನು ನಿನ್ನ ಮಗನ ರಕ್ತದಿಂದ ತೀರಿಸಿದ್ದಕ್ಕಾಗಿ ಸ್ತೋತ್ರ. ತೀರಿಸಬಲ್ಲ ಸಾಲವನ್ನು ತೀರಿಸುವ ಮನಸ್ಸು ಕೊಡು. ತಪ್ಪಾಯಿತು ಅನ್ನಲು ಬಾಯಿ ಕೊಡು. ನಮ್ಮ ಬೀದಿಯ ಜನರು ನಮ್ಮ ಲೆಕ್ಕದ ಪುಸ್ತಕವನ್ನು ಓದಿದರೂ ನಿನ್ನ ನಾಮಕ್ಕೆ ಮಹಿಮೆ ಬರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.